ಮದ್ದು ಹೊರಬೀಳುವ ದಾರಿ

ರಕ್ತದಲ್ಲಿ ಸಕ್ಕರೆ 92, ಅದೇ ಹೊತ್ತಿನ ಮೂತ್ರದಲ್ಲಿ ಸಕ್ಕರೆ ಮೂರು ಪ್ಲಸ್. ಇಂಥ ವರದಿ ಕೈಗೆ ಬಂದರೆ ಯಾರಾದರೂ ಮೊದಲು ಗುಮಾನಿಪಡುವುದು ಲ್ಯಾಬಿನವರ ಮೇಲೆ. ಸ್ಯಾಂಪಲ್ ಅದಲುಬದಲಾಗಿರಬೇಕು, ಇನ್ನೊಮ್ಮೆ ಮಾಡಿಸಿ ಎನ್ನುತ್ತಾರೆ. ಇನ್ನೊಮ್ಮೆ ಮಾಡಿಸಿದರೂ ಅದೇ ಬಂದಾಗ ತಲೆ ಕೆರೆದುಕೊಳ್ಳುವ ಸರದಿ ವೈದ್ಯರದು. ಸಕ್ಕರೆ ಕಾಯಿಲೆಯಲ್ಲಿ ಮೂತ್ರಕ್ಕೆ ಸಕ್ಕರೆ ಇಳಿಯುವುದು ರಕ್ತದಲ್ಲಿ ಅದು ಸುಮಾರು 180 ದಾಟಿದ ಮೇಲೆ. 92 ಇದ್ದಾಗ ಸೋರಬಾರದು. ಗ್ಲಿಫ್ಲೋಜಿನ್ ಜಾತಿಯ ಹೊಸ ಮಾತ್ರೆ ನುಂಗುವವರಲ್ಲಿ ಸೋರುತ್ತದೆ, ನಿಜ. ಅದು ಆ ಮಾತ್ರೆಯ ಕೆಲಸವೇ. ಆದರೆ ಈ ವರದಿ ಸಕ್ಕರೆ ಕಾಯಿಲೆಯೇ ಇಲ್ಲದವರದು ಎಂದಿಟ್ಟುಕೊಳ್ಳಿ.

ಕೆಳಗಿನ ಸಾಲುಗಳನ್ನೂ ಓದಬೇಕು. ರಕ್ತದಲ್ಲಿ ರಂಜಕ ಕಡಿಮೆ, ಬೈಕಾರ್ಬೊನೇಟ್ ಕಡಿಮೆ, ಪೊಟಾಷಿಯಂ ಕೆಳಗಿನ ಅಂಚಿನಲ್ಲಿದೆ. ಮೂತ್ರದಲ್ಲಿ ಒಂದಿಷ್ಟು ಪ್ರೋಟೀನ್. ಎಲ್ಲರೂ ಕಣ್ಣಿಡುವ ಕ್ರಿಯಾಟಿನಿನ್ ಮಾತ್ರ ಇನ್ನೂ ಮಾಮೂಲಿನ ಗೆರೆಯೊಳಗೇ ಇದೆ. ರೋಗಿಯನ್ನು ಕೇಳಿದರೆ ಆತ ಮೂತ್ರದ ಮಾತೇ ಎತ್ತುವುದಿಲ್ಲ. ತೊಡೆ ನೋವು, ಹಿಮ್ಮಡಿ ನೋವು, ಮೆಟ್ಟಿಲು ಹತ್ತಲಾಗುತ್ತಿಲ್ಲ ಎನ್ನುತ್ತಾನೆ. ಮೂಳೆ ಡಾಕ್ಟರ ಹತ್ತಿರ ಹೋಗಿ ಕ್ಯಾಲ್ಸಿಯಂ ಬರೆಸಿಕೊಂಡು ಬಂದೂ ಆಗಿರುತ್ತದೆ. ದಿನಾ ಏನು ಮಾತ್ರೆ ನುಂಗುತ್ತೀರಿ ಎಂದು ಯಾರಾದರೂ ಕೇಳಿದರೆ ಆಗ ಗಂಟು ಸಡಿಲವಾಗುತ್ತದೆ: ಎಚ್‌ಐವಿಗೆಂದು, ಇಲ್ಲವೇ ಹೆಪಟೈಟಿಸ್ ಬಿಗೆಂದು, ಹಲವು ವರ್ಷಗಳಿಂದ ಟೆನೊಫೊವಿರ್.

ಈ ಚಿತ್ರಕ್ಕೆ ಫ್ಯಾಂಕೋನಿ ಸಿಂಡ್ರೋಮ್ ಎಂಬ ಹೆಸರಿದೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೈಡೊ ಫ್ಯಾಂಕೋನಿ ಇದನ್ನು ವಿವರಿಸಿದ ಕಾಲದಲ್ಲಿ ವೈರಸ್ ನಿರೋಧಕ ಔಷಧಗಳೇ ಇರಲಿಲ್ಲ; ಅವನು ನೋಡಿದ್ದು ಹುಟ್ಟಿನಿಂದ ಬಂದ ದೋಷಗಳನ್ನು. ಕಾರಣ ಬೇರೆಯಾದರೂ ಪೆಟ್ಟು ಬೀಳುವ ಜಾಗ ಒಂದೇ. ಆ ಜಾಗ ಯಾವುದು ಎಂದು ನೋಡಬೇಕಾದರೆ ಮೂತ್ರಪಿಂಡದ ದಿನಚರಿ ಸ್ವಲ್ಪ ತಿಳಿದಿರಬೇಕು.

ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸು ರಕ್ತಕ್ಕೆ. ಸೋಸುವ ಕೆಲಸ ಗ್ಲಾಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗಂಟಿನದು. ಒಂದೊಂದು ಕಿಡ್ನಿಯಲ್ಲೂ ಇಂಥವು ಹತ್ತು ಲಕ್ಷದಷ್ಟಿವೆ. ವಾಪಸು ತರುವ ಕೆಲಸ ಪ್ರತಿ ಗಂಟಿನಿಂದ ಹೊರಡುವ ಸುರುಳಿ ನಾಳದ್ದು. ಅದರಲ್ಲೂ ಮೊದಲ ಭಾಗದ್ದು, ಪ್ರಾಕ್ಸಿಮಲ್ ಟ್ಯೂಬ್ಯೂಲಿನದು. ಸೋಸಿಬಂದ ನೀರು, ಉಪ್ಪುಗಳಲ್ಲಿ ಮೂರನೇ ಎರಡು ಪಾಲು, ಸಕ್ಕರೆ ಮತ್ತು ಅಮೈನೊ ಆಮ್ಲಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಲ್ಲೇ ವಾಪಸಾಗಬೇಕು. ಇದಕ್ಕೆ ಬೇಕಾದ ಶಕ್ತಿ ಸಣ್ಣದಲ್ಲ. ಹಾಗಾಗಿ ಈ ನಾಳದ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುತ್ತವೆ. ಅವು ಸೊರಗಿದರೆ ಸಕ್ಕರೆ, ರಂಜಕ, ಬೈಕಾರ್ಬೊನೇಟ್ ಎಲ್ಲ ಒಟ್ಟಿಗೇ ಸೋರುತ್ತವೆ. ರಂಜಕ ಸೋರಿಹೋದ ಮೂಳೆ ಮೆತ್ತಗಾಗುತ್ತದೆ. ಮೆಟ್ಟಿಲು ಹತ್ತಲಾರದ್ದು ಅದಕ್ಕೇ.

ಇದೇ ನಾಳಕ್ಕೆ ಇನ್ನೊಂದು ಕಸುಬೂ ಇದೆ, ಈ ಅಧ್ಯಾಯಕ್ಕೆ ಅದೇ ಮುಖ್ಯ. ಸೋಸಿದ ದ್ರವದಿಂದ ಒಳ್ಳೆಯದನ್ನು ಹೆಕ್ಕಿ ರಕ್ತಕ್ಕೆ ಕೊಡುವುದಲ್ಲದೆ, ರಕ್ತದಲ್ಲಿ ಉಳಿದುಕೊಂಡ ಬೇಡದ್ದನ್ನು ತಾನೇ ಕೈಹಾಕಿ ಎಳೆದು ಮೂತ್ರಕ್ಕೆ ದಬ್ಬುತ್ತದೆ. ಅನೇಕ ಔಷಧಗಳು ದೇಹ ಬಿಡುವುದು ಹೀಗೆ. ಯಾವ ಮದ್ದು ಕಿಡ್ನಿಗೆ ಎಷ್ಟು ಏಟು ಕೊಡುತ್ತದೆ ಎಂಬುದು ಬಹುಪಾಲು ಅದು ಯಾವ ದಾರಿಯಲ್ಲಿ, ಎಷ್ಟು ಹೊತ್ತು, ಎಷ್ಟು ಸಾಂದ್ರವಾಗಿ ಹೊರಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ಮದ್ದಿನ ಜಾತಿಗಿಂತ ದಾರಿಯೇ ಮುಖ್ಯ ಎಂದರೂ ತಪ್ಪಾಗದು.

ಸುಲಭದ ಉದಾಹರಣೆ ಅಸೈಕ್ಲೋವಿರ್. ನಮ್ಮಲ್ಲಿ ಸರ್ಪಸುತ್ತು ಆದವರಲ್ಲಿ ಕೆಮ್ಮಣ್ಣು ಬಳಿಸಿಕೊಂಡ ಮೇಲೆ ಆಸ್ಪತ್ರೆಗೆ ಬರುವವರು ಇನ್ನೂ ಇದ್ದಾರೆ. ಬಂದವರಿಗೆ ಸಿಗುವುದು ಈ ಮಾತ್ರೆ ಅಥವಾ ಇದರ ಸಂಬಂಧಿ ವಾಲಸೈಕ್ಲೋವಿರ್. 1970ರ ದಶಕದಲ್ಲಿ ಅಮೆರಿಕದ ಬರೋಸ್ ವೆಲ್ಕಮ್ ಕಂಪನಿಯಲ್ಲಿ ಗರ್ಟ್ರೂಡ್ ಎಲಿಯನ್ ತಂಡದ ಕೈಯಲ್ಲಿ ಬೆಳೆದ ಮದ್ದಿದು. ಪಿಎಚ್‌ಡಿ ಮುಗಿಸಲಾಗದ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು. ಸರ್ಪಸುತ್ತು ತರುವ ಹರ್ಪಿಸ್ ಜಾತಿಯ ವೈರಸ್ಸಿನ ಸ್ವಂತ ಕಿಣ್ವವೇ ಈ ಅಣುವಿಗೆ ಮೊದಲ ಫಾಸ್ಫೇಟ್ ಜೋಡಿಸಿ ಅದನ್ನು ಚುರುಕುಗೊಳಿಸುತ್ತದೆ. ಸೋಂಕಿಲ್ಲದ ಜೀವಕೋಶದಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಇಷ್ಟು ಸಂಭಾವಿತ ಮದ್ದು ಕಿಡ್ನಿಗೆ ತೊಂದರೆ ಕೊಡುವುದು ರಸಾಯನಶಾಸ್ತ್ರದ ತೀರಾ ಸಾದಾ ಕಾರಣಕ್ಕೆ: ಅದು ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ದೇಹದ ಉಷ್ಣತೆಯಲ್ಲಿ ಒಂದು ಮಿಲಿಲೀಟರಿಗೆ ಎರಡೂವರೆ ಮಿಲಿಗ್ರಾಂ, ಅಷ್ಟೇ.

ಮಾತ್ರೆಯಾಗಿ ನುಂಗಿದಾಗ ಐದರಲ್ಲೊಂದು ಪಾಲೂ ರಕ್ತ ಸೇರುವುದು ಕಷ್ಟ, ಹಾಗಾಗಿ ಗಂಡಾಂತರ ಕಡಿಮೆ. ಮೆದುಳಿಗೆ ಹರ್ಪಿಸ್ ತಗುಲಿದಾಗ ಕಥೆ ಬೇರೆ. ಆಗ ಎಂಟು ಗಂಟೆಗೊಮ್ಮೆ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ರಕ್ತನಾಳಕ್ಕೇ ಕೊಡಬೇಕು, ಎರಡು ಮೂರು ವಾರ. ಜ್ವರದಲ್ಲಿ ಬೆಂದು, ವಾಂತಿಯಾಗಿ, ನೀರೂ ಕುಡಿಯದೆ ಒಣಗಿದ ರೋಗಿಗೆ ಇದನ್ನು ಐದು ನಿಮಿಷದಲ್ಲಿ ತಳ್ಳಿದರೆ ಏನಾಗುತ್ತದೆ? ನಾಳದುದ್ದಕ್ಕೂ ನೀರು ವಾಪಸಾಗುತ್ತ ಮೂತ್ರ ಗಟ್ಟಿಯಾದಂತೆ ಮದ್ದು ಕರಗಿರಲಾರದೆ ಹರಳುಗಟ್ಟುತ್ತದೆ. ಆ ಮೂತ್ರದ ಒಂದು ಹನಿಯನ್ನು ಪೋಲರೈಸ್ಡ್ ಬೆಳಕಿನ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಸೂಜಿಗಳು ಕಾಣುತ್ತವೆ, ಕೆಲವು ಬಿಳಿ ರಕ್ತಕಣಗಳ ಒಳಗೇ ನಾಟಿಕೊಂಡಿರುತ್ತವೆ. ಒಂದೆರಡು ದಿನದಲ್ಲಿ ಕ್ರಿಯಾಟಿನಿನ್ ಏರುತ್ತದೆ. ತಡೆಯುವ ಉಪಾಯಕ್ಕೆ ಕಾಸು ಖರ್ಚಿಲ್ಲ. ಸಲೈನ್ ಕೊಟ್ಟು ಮೈಯಲ್ಲಿ ನೀರು ತುಂಬಿಸುವುದು, ಔಷಧವನ್ನು ಒಂದು ಗಂಟೆ ಕಾಲ ಮೆಲ್ಲಗೆ ಹರಿಸುವುದು. ರಾತ್ರಿ ಪಾಳಿಯ ನರ್ಸ್ ಡ್ರಿಪ್ಪಿನ ಗಾಲಿಯನ್ನು ಎಷ್ಟು ತಿರುಗಿಸುತ್ತಾಳೆ ಎಂಬುದರ ಮೇಲೆ ಒಂದು ಅಂಗ ನಿಂತಿರುತ್ತದೆ. ಹಾನಿಯಾದರೂ ಸಾಮಾನ್ಯವಾಗಿ ಮದ್ದು ನಿಲ್ಲಿಸಿ ನೀರು ಕೊಟ್ಟರೆ ಕಿಡ್ನಿ ಚೇತರಿಸಿಕೊಳ್ಳುತ್ತದೆ.

ಇದರ ತಿರುವುಮುರುವೂ ಉಂಟು. ಕಿಡ್ನಿ ಮೊದಲೇ ಸೋತಿದ್ದರೆ ಮದ್ದು ಹೊರಹೋಗಲಾರದೆ ಮೈಯಲ್ಲೇ ಸುತ್ತುತ್ತದೆ. ಆರೋಗ್ಯವಂತರಲ್ಲಿ ಮೂರು ಗಂಟೆಗೆ ಅರ್ಧಕ್ಕಿಳಿಯುವ ಅಸೈಕ್ಲೋವಿರ್, ಮೂತ್ರವೇ ಬಾರದವರಲ್ಲಿ ಅರ್ಧಕ್ಕಿಳಿಯಲು 20 ಗಂಟೆ ತೆಗೆದುಕೊಳ್ಳುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಸರ್ಪಸುತ್ತು ಬಂದಾಗ ಎಲ್ಲರಿಗೂ ಬರೆಯುವಂತೆ 800 ಮಿಲಿಗ್ರಾಂ ದಿನಕ್ಕೈದು ಸಲ ಎಂದು ಬರೆದುಬಿಟ್ಟರೆ, ಎರಡು ಮೂರು ದಿನದಲ್ಲಿ ಆ ಮನುಷ್ಯ ಇಲ್ಲದವರೊಡನೆ ಮಾತಾಡತೊಡಗುತ್ತಾನೆ. ಮನೆಯವರು ಗಾಳಿಯೋ ಗ್ರಹವೋ ಎಂದು ಹೆದರುತ್ತಾರೆ. ಬೇಕಿದ್ದದ್ದು ದಿನಕ್ಕೆ ಎರಡೇ ಮಾತ್ರೆ.

ಹರಳುಗಟ್ಟುವ ಇನ್ನೊಂದು ಮದ್ದು ಇಂಡಿನಾವಿರ್. 1996ರಲ್ಲಿ ಏಡ್ಸ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಗುಂಪಿಗೆ ಸೇರಿದ್ದು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ನೀರು ಕುಡಿಯಿರಿ ಎಂಬುದು ಅದರ ಚೀಟಿಯಲ್ಲೇ ಇತ್ತು. ಅದರಿಂದಾದ ಕಲ್ಲುಗಳು ಸಿಟಿ ಸ್ಕ್ಯಾನಿಗೂ ಸುಲಭಕ್ಕೆ ಕಾಣುತ್ತಿರಲಿಲ್ಲ. ಈಗ ಅದನ್ನು ಬಳಸುವವರಿಲ್ಲ.

ಟೆನೊಫೊವಿರ್‌ನದು ಹರಳಿನ ಕಥೆಯಲ್ಲ, ಅದು ಹುಟ್ಟಿದ ಜಾಣತನದಲ್ಲೇ ಅದರ ತೊಂದರೆಯೂ ಅಡಗಿದೆ. 1976ರಲ್ಲಿ ಪ್ರಾಗ್‌ನ ರಸಾಯನಶಾಸ್ತ್ರಜ್ಞ ಆಂಟೊನಿನ್ ಹೋಲಿ ಮತ್ತು ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಎರಿಕ್ ಡಿ ಕ್ಲರ್ಕ್ ಜರ್ಮನಿಯ ಗಟಿಂಗನ್‌ನಲ್ಲಿ ಭೇಟಿಯಾದರು. ಹೋಲಿ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ ಅಣುಗಳನ್ನು ಕಟ್ಟುವುದು, ಡಿ ಕ್ಲರ್ಕ್ ಲುವೆನ್‌ನಲ್ಲಿ ಅವನ್ನು ವೈರಸ್ಸಿನ ಮೇಲೆ ಪರೀಕ್ಷಿಸುವುದು, ಹೀಗೆ ಶುರುವಾದ ಜೋಡಿ. ಅಸೈಕ್ಲೋವಿರ್‌ನಂಥ ಮದ್ದುಗಳು ಮೊದಲ ಫಾಸ್ಫೇಟಿಗಾಗಿ ವೈರಸ್ಸಿನ ಕಿಣ್ವವನ್ನು ಕಾಯಬೇಕು. ಆ ಕಿಣ್ವವಿಲ್ಲದ ವೈರಸ್ಸಿನ ಮೇಲೆ ಅವು ನಡೆಯುವುದಿಲ್ಲ. ಹೋಲಿ ಆ ಕಾಯುವಿಕೆಯನ್ನೇ ತೆಗೆದುಹಾಕಿದರು. ಫಾಸ್ಫೇಟನ್ನು ಹೋಲುವ, ಆದರೆ ದೇಹದ ಕಿಣ್ವಗಳು ಕತ್ತರಿಸಲಾರದ ಫಾಸ್ಫೊನೇಟ್ ತುಂಡನ್ನು ಮೊದಲೇ ಅಣುವಿಗೆ ಬೆಸೆದರು. 1986ರಲ್ಲಿ ಈ ವರ್ಗದ ಮೊದಲ ಅಣುವಿನ ವರದಿ ಬಂತು. ಮುಂದೆ ಅಮೆರಿಕದ ಗಿಲಿಯಡ್ ಕಂಪನಿಯ ಮೂಲಕ ಸಿಡೊಫೊವಿರ್, ಅಡೆಫೊವಿರ್, ಟೆನೊಫೊವಿರ್ ಎಂಬ ಮೂರು ಔಷಧಗಳಾದವು.

ಆ ಫಾಸ್ಫೊನೇಟ್ ತುಂಡಿಗೆ ಋಣ ವಿದ್ಯುದಂಶವಿದೆ. ಕಿಡ್ನಿಯ ಮೊದಲ ಸುರುಳಿ ನಾಳ ಋಣ ವಿದ್ಯುದಂಶದ ಕಸವನ್ನು ರಕ್ತದಿಂದ ಎಳೆದುಕೊಳ್ಳಲೆಂದೇ ಓಎಟಿ-1 ಎಂಬ ಸಾಗಣೆ ಪ್ರೋಟೀನನ್ನು ಇಟ್ಟುಕೊಂಡಿದೆ. ಈ ಮೂರೂ ಔಷಧಗಳು ಅದರ ಕೈಗೆ ತಾವಾಗಿ ಸಿಕ್ಕಿಬೀಳುತ್ತವೆ. ಜೀವಕೋಶವನ್ನು ಮನೆ ಎಂದುಕೊಂಡರೆ ರಕ್ತದ ಕಡೆಯ ಹೆಬ್ಬಾಗಿಲು ಸದಾ ತೆರೆದಿದೆ; ಮೂತ್ರದ ಕಡೆಯ ಹಿತ್ತಲ ಬಾಗಿಲು, ಎಂಆರ್‌ಪಿ-4 ಎಂಬ ಇನ್ನೊಂದು ಪ್ರೋಟೀನು, ಅಷ್ಟು ಅಗಲವಿಲ್ಲ. ಒಳಬಂದಷ್ಟು ಬೇಗ ಹೊರಹೋಗದೆ ಮದ್ದು ನಡುಮನೆಯಲ್ಲೇ ರಾಶಿಯಾಗುತ್ತದೆ, ಮೈಟೊಕಾಂಡ್ರಿಯಗಳು ಸೊರಗುತ್ತವೆ.

ಮೂವರಲ್ಲಿ ಅತಿ ಉಗ್ರ ಸಿಡೊಫೊವಿರ್. ಏಡ್ಸ್ ರೋಗಿಗಳ ಕಣ್ಣು ಕಳೆಯುತ್ತಿದ್ದ ಸೈಟೊಮೆಗಾಲೊ ವೈರಸ್ಸಿಗೆಂದು 1996ರಲ್ಲಿ ಒಪ್ಪಿಗೆ ಪಡೆದದ್ದು. ಬರೀ ಒಂದೆರಡು ಡೋಸಿಗೇ ಕಿಡ್ನಿ ಕೈಕೊಟ್ಟ ನಿದರ್ಶನಗಳಿವೆ. ಅದಕ್ಕೆ ಸಿಕ್ಕ ಪರಿಹಾರ ಸೊಗಸಾಗಿದೆ. ಒಂದು ಕಾಲದಲ್ಲಿ ಪೆನಿಸಿಲಿನ್ ಎಷ್ಟು ವಿರಳವಾಗಿತ್ತೆಂದರೆ ರೋಗಿಯ ಮೂತ್ರದಿಂದಲೇ ಅದನ್ನು ತೆಗೆದು ಮತ್ತೆ ಬಳಸುತ್ತಿದ್ದರು. ಅದು ಮೂತ್ರಕ್ಕೆ ಹೋಗದಂತೆ ತಡೆಯಲು ಹುಡುಕುತ್ತ ಹೊರಟಾಗ ಸಿಕ್ಕ ಔಷಧ ಪ್ರೊಬೆನೆಸಿಡ್. ತಡೆಯುವುದು ಅದೇ ಹೆಬ್ಬಾಗಿಲನ್ನು. ಸಿಡೊಫೊವಿರ್ ಕೊಡುವ ಮೂರು ಗಂಟೆ ಮೊದಲು ಎರಡು ಗ್ರಾಂ ಪ್ರೊಬೆನೆಸಿಡ್, ಆಮೇಲೆ ಎರಡು ಗಂಟೆಗೆ ಮತ್ತು ಎಂಟು ಗಂಟೆಗೆ ಒಂದೊಂದು ಗ್ರಾಂ, ಜೊತೆಗೆ ಸಲೈನ್. ಈ ಶಿಸ್ತು ತಪ್ಪಿಸಿ ಆ ಮದ್ದನ್ನು ಕೊಡುವಂತೆಯೇ ಇಲ್ಲ.

ಅಡೆಫೊವಿರ್‌ನಲ್ಲಿ ಪಾಠ ಪ್ರಮಾಣದ್ದು. ಎಚ್‌ಐವಿಗೆಂದು 60, 120 ಮಿಲಿಗ್ರಾಂ ಕೊಟ್ಟಾಗ ಕಿಡ್ನಿಗಳು ತಡೆಯಲಿಲ್ಲ, 1999ರಲ್ಲಿ ಅಮೆರಿಕದ ತಜ್ಞರ ಸಮಿತಿ ಬೇಡವೆಂದಿತು. ಅದೇ ಮದ್ದು 10 ಮಿಲಿಗ್ರಾಂ ಮಾತ್ರೆಯಾಗಿ 2002ರಲ್ಲಿ ಹೆಪಟೈಟಿಸ್ ಬಿಗೆ ಒಪ್ಪಿಗೆ ಪಡೆಯಿತು.

ಇವೆರಡರ ಮುಂದೆ ಟೆನೊಫೊವಿರ್ ಸಾಧು. 2001ರ ಅಕ್ಟೋಬರಿನಲ್ಲಿ ಬಂತು, ಮುಂದಿನ ವರ್ಷವೇ ಮೊದಲ ಫ್ಯಾಂಕೋನಿ ವರದಿಗಳೂ ಬಂದವು. ಆದರೂ ಅದು ಜಗತ್ತಿನ ಮೂಲೆಮೂಲೆ ತಲುಪಿದ್ದು ಏಕೆಂದು ತಿಳಿಯಲು ಅದಕ್ಕಿಂತ ಹಿಂದೆ ಏನಿತ್ತು ಎಂದು ನೋಡಬೇಕು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿ ನಿರೋಧಕ ಚಿಕಿತ್ಸೆ, ಆರಂಭಿಸಿದಾಗ ಕೊಡುತ್ತಿದ್ದ ಮಾತ್ರೆಗಳಲ್ಲಿ ಸ್ಟಾವುಡಿನ್ ಇತ್ತು. ಜೀವ ಉಳಿಸಿತು, ಆದರೆ ಕೆನ್ನೆಯ ಕೊಬ್ಬು ಕರಗಿಸಿ ಗುಳಿ ಬೀಳಿಸಿತು, ಪಾದಗಳಲ್ಲಿ ಉರಿ ಹಚ್ಚಿತು. ಕೆನ್ನೆ ನೋಡಿಯೇ ಊರಿನವರು ಕಾಯಿಲೆ ಹೇಳುವಂತಾದದ್ದು ಎಷ್ಟೋ ಜನರಿಗೆ ಕಾಯಿಲೆಗಿಂತ ದೊಡ್ಡ ಶಿಕ್ಷೆ. ದಿನಕ್ಕೊಂದು ಮಾತ್ರೆಯಲ್ಲಿ ಇದೆಲ್ಲದರಿಂದ ಬಿಡುಗಡೆ ಕೊಟ್ಟದ್ದು ಟೆನೊಫೊವಿರ್. ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ ಕಾಣುವ ಫ್ಯಾಂಕೋನಿಯನ್ನು ಮುಂದಿಟ್ಟುಕೊಂಡು ಅದನ್ನು ಬೇಡವೆನ್ನುವುದು ಮೂರ್ಖತನವಾಗುತ್ತಿತ್ತು, ಈಗಲೂ ಆಗುತ್ತದೆ.

ಆದರೆ ಆ ಒಬ್ಬರು ಯಾರಾಗಬಹುದು ಎಂಬುದು ಕುರುಡು ಅದೃಷ್ಟದ ಮಾತಲ್ಲ. ಮಾತ್ರೆ 300 ಮಿಲಿಗ್ರಾಂ, 80 ಕಿಲೋ ತೂಗುವವನಿಗೂ 42 ಕಿಲೋದ ಹೆಂಗಸಿಗೂ ಅಷ್ಟೇ. ವಯಸ್ಸಾದವರು, ತೂಕ ಕಡಿಮೆಯವರು, ಬಿಪಿ ಅಥವಾ ಸಕ್ಕರೆಯಿಂದ ಕಿಡ್ನಿ ಆಗಲೇ ಬಳಲಿರುವವರು ಮುಂಚೂಣಿಯಲ್ಲಿರುತ್ತಾರೆ. ಜೊತೆಗೆ ರಿಟೊನಾವಿರ್ ಇರುವ ಮಾತ್ರೆ ಸೇರಿದರೆ ರಕ್ತದಲ್ಲಿ ಟೆನೊಫೊವಿರ್ ಏರುತ್ತದೆ. ಇನ್ನೊಂದು ಅಪಾಯ ಮೆಡಿಕಲ್ ಶಾಪಿನ ಕೌಂಟರಿನಲ್ಲಿದೆ: ಡೈಕ್ಲೋಫಿನ್ಯಾಕ್. ಮೈಕೈ ನೋವಿಗೆ ಚೀಟಿಯಿಲ್ಲದೆ ಸಿಗುವ ಈ ಗುಳಿಗೆ ಸೇರಿಕೊಂಡ ಕೆಲ ದಿನಗಳಲ್ಲೇ ಟೆನೊಫೊವಿರ್ ಸೇವಿಸುತ್ತಿದ್ದವರ ಕಿಡ್ನಿ ಕುಸಿದ ವರದಿಗಳಿವೆ. ನೋವಿನ ಮಾತ್ರೆ ನುಂಗುತ್ತೀರಾ ಎಂದು ಎಆರ್‌ಟಿ ಕೇಂದ್ರದಲ್ಲಿ ಕೇಳುವುದು ಕಾಟಾಚಾರಕ್ಕಲ್ಲ.

ಮದ್ದಿನ ದಾರಿ ಬದಲಿಸಿದರೆ ಹಾನಿ ತಪ್ಪಬಹುದೇ? ತಪ್ಪುತ್ತದೆ, ಬಹುಮಟ್ಟಿಗೆ. ಟೆನೊಫೊವಿರ್ ತನ್ನ ವಿದ್ಯುದಂಶದಿಂದಾಗಿ ಕರುಳನ್ನು ದಾಟಲಾರದು, ಅದಕ್ಕೊಂದು ರಾಸಾಯನಿಕ ಹೊದಿಕೆ ಬೇಕು. ಹಳೆಯ ಡಿಸೊಪ್ರಾಕ್ಸಿಲ್ ಹೊದಿಕೆ ರಕ್ತ ಸೇರುತ್ತಿದ್ದಂತೆ ಕಳಚಿಬೀಳುತ್ತದೆ. ಬೆತ್ತಲಾದ ಮದ್ದು ಕಿಡ್ನಿಯ ಪಾಲಾಗುತ್ತದೆ. ಅಲಾಫೆನಮೈಡ್ ಎಂಬ ಇನ್ನೊಂದು ಹೊದಿಕೆ ರಕ್ತದಲ್ಲಿ ಹಾಗೇ ಉಳಿದು, ವೈರಸ್ ಅಡಗಿರುವ ಬಿಳಿ ರಕ್ತಕಣಗಳ ಒಳಗೆ ಹೋದ ಮೇಲೆ ಕಳಚುತ್ತದೆ. 300 ಮಿಲಿಗ್ರಾಂ ಬದಲು 25 ಸಾಕು. ರಕ್ತದಲ್ಲಿ ಟೆನೊಫೊವಿರ್ 90 ಪ್ರತಿಶತದಷ್ಟು ಇಳಿಯುತ್ತದೆ. ಇದು ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ಆದರೆ ಗಿಲಿಯಡ್ 2004ರಲ್ಲೇ ಈ ಅಣುವನ್ನು ಕೈಯಲ್ಲಿಟ್ಟುಕೊಂಡು ಬೆಳವಣಿಗೆ ನಿಲ್ಲಿಸಿತ್ತು. ಹಳೆಯ ಮಾತ್ರೆಯ ಪೇಟೆಂಟ್ ಮುಗಿಯುವವರೆಗೆ ಬೇಕೆಂದೇ ತಡೆದರು ಎಂದು ಕಿಡ್ನಿ, ಮೂಳೆ ಕೆಟ್ಟ ಸಾವಿರಾರು ರೋಗಿಗಳು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಕಂಪನಿ ಇದನ್ನು ಒಪ್ಪುವುದಿಲ್ಲ. ಆರೋಪ ಕೋರ್ಟಿನಲ್ಲಿ ಏನಾದರಾಗಲಿ, ನಡುವಿನ ಹನ್ನೊಂದು ವರ್ಷ ಮಾತ್ರ ಕ್ಯಾಲೆಂಡರಿನಲ್ಲೇ ಇದೆ.

ಹಾನಿಯನ್ನು ಹಿಡಿಯುವುದರಲ್ಲೂ ತಮಾಷೆಯಿದೆ. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವ ಕಸ. ಸೋಸುವಿಕೆ ಕುಗ್ಗಿದರೆ ರಕ್ತದಲ್ಲಿ ಏರುತ್ತದೆ. ಟೆನೊಫೊವಿರ್ ಕೆಡಿಸುವುದು ಸೋಸುವ ಗಂಟನ್ನಲ್ಲ, ವಾಪಸು ತರುವ ನಾಳವನ್ನು. ಹಾಗಾಗಿ ಆರಂಭದಲ್ಲಿ ಕ್ರಿಯಾಟಿನಿನ್ ಏನೂ ಹೇಳುವುದಿಲ್ಲ. ಕೃಶ ದೇಹದವರಲ್ಲಂತೂ ಅದು ಮೊದಲೇ ಕಡಿಮೆ. ಇತ್ತ, ಈಗ ಎಆರ್‌ಟಿ ಕೇಂದ್ರಗಳಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಟೆನೊಫೊವಿರ್, ಲಾಮಿವುಡಿನ್‌ಗಳ ಜೊತೆಗಿರುವ ಡೊಲುಟೆಗ್ರಾವಿರ್, ಕ್ರಿಯಾಟಿನಿನ್ ನಾಳದ ಮೂಲಕ ಹೊರಹೋಗುವ ಒಂದು ಸಣ್ಣ ಹಾದಿಯನ್ನು ಮುಚ್ಚುತ್ತದೆ. ಮಾತ್ರೆ ಶುರುವಾದ ಕೆಲ ವಾರಗಳಲ್ಲಿ ಕ್ರಿಯಾಟಿನಿನ್ 0.1ರಷ್ಟು ಮೇಲೇರಿ ನಿಲ್ಲುತ್ತದೆ. ಕಿಡ್ನಿಗೆ ಏನೂ ಆಗಿರುವುದಿಲ್ಲ. ಸದ್ದಿಲ್ಲದೆ ಕೆಡಿಸಬಲ್ಲ ಮದ್ದು, ಕೆಡಿಸದೆ ಸದ್ದು ಮಾಡುವ ಮದ್ದು, ಎರಡೂ ಒಂದೇ ಮಾತ್ರೆಯಲ್ಲಿ! ಬಿಡಿಸಿ ನೋಡಲು ಮೂತ್ರದ ಸಕ್ಕರೆ, ಪ್ರೋಟೀನ್, ರಕ್ತದ ರಂಜಕ ಕೇಳಬೇಕು. ಮೂತ್ರದ ಪಟ್ಟಿ ಪರೀಕ್ಷೆ ಎರಡು ನಿಮಿಷದ್ದು.

ಇಷ್ಟೆಲ್ಲ ಓದಿ ಯಾರಾದರೂ ಮಾತ್ರೆ ಬಿಟ್ಟುಬಿಟ್ಟಾರು ಎಂಬ ಅಳುಕು ನನಗಿದೆ. ಔಷಧದ ವಿಷದಿಂದ ದೇಹಕ್ಕೆ ಆಗಾಗ ಬಿಡುವು ಕೊಟ್ಟರೆ ಒಳ್ಳೆಯದೇ ಎಂದು ನೋಡಲು ನಡೆದ ಸ್ಮಾರ್ಟ್ ಎಂಬ ಪ್ರಯೋಗದಲ್ಲಿ 5,472 ಎಚ್‌ಐವಿ ಸೋಂಕಿತರಿದ್ದರು. 2006ರಲ್ಲಿ ಅದನ್ನು ನಡುವಿನಲ್ಲೇ ನಿಲ್ಲಿಸಬೇಕಾಯಿತು. ಬಿಡುವು ಪಡೆದವರಲ್ಲಿ ಸಾವು ಹೆಚ್ಚಿತ್ತು. ಹೃದಯ, ಯಕೃತ್ತು, ಮೂತ್ರಪಿಂಡಗಳ ಗಂಭೀರ ಕಾಯಿಲೆಯೂ ಹೆಚ್ಚಿತ್ತು. ಎಚ್‌ಐವಿ ಸ್ವತಃ ಕಿಡ್ನಿ ಕೆಡಿಸುವ ವೈರಸ್, ಹೆಪಟೈಟಿಸ್ ಬಿ ಕೂಡ. ಹೆಪಟೈಟಿಸ್ ಬಿ ಇರುವವರು ಟೆನೊಫೊವಿರನ್ನು ತಾವಾಗಿ ನಿಲ್ಲಿಸಿದರೆ ವೈರಸ್ ಹೆಡೆಯೆತ್ತಿ ಯಕೃತ್ತೇ ಕುಸಿಯಬಹುದು.

ಕಿಡ್ನಿಯ ಮೇಲಿನ ಕಾಳಜಿಯೇ ಅತಿಯಾದಾಗ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. ರೆಮ್ಡೆಸಿವಿರ್ ನೀರಿನಲ್ಲಿ ಕರಗದ ಕಾರಣ ಅದನ್ನು ಸೈಕ್ಲೊಡೆಕ್ಸ್‌ಟ್ರಿನ್ ಎಂಬ ವಾಹಕದಲ್ಲಿ ಸೇರಿಸಿ ಕೊಡುತ್ತಾರೆ. 100 ಮಿಲಿಗ್ರಾಂ ಪುಡಿಯ ಒಂದು ಬಾಟಲಿಯಲ್ಲಿ ಈ ವಾಹಕವೇ 3 ಗ್ರಾಂ. ಅದು ಹೊರಹೋಗುವುದು ಕಿಡ್ನಿಯ ಮೂಲಕ; ಪ್ರಾಣಿಗಳಿಗೆ ಭಾರೀ ಪ್ರಮಾಣದಲ್ಲಿ ಕೊಟ್ಟಾಗ ನಾಳದ ಜೀವಕೋಶಗಳು ಉಬ್ಬಿದ್ದು ಕಂಡಿತ್ತು. ಆದ್ದರಿಂದ ಕಿಡ್ನಿಯ ಸೋಸುವ ಸಾಮರ್ಥ್ಯ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕೆಳಗಿದ್ದವರನ್ನು ಆರಂಭದ ಪ್ರಯೋಗಗಳಿಂದಲೇ ಹೊರಗಿಟ್ಟರು, ಔಷಧದ ಚೀಟಿಯಲ್ಲೂ ಅವರಿಗೆ ಬೇಡವೆಂದು ಬರೆದರು. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನಲ್ಲೇ ಇದು ತಯಾರಾಗುತ್ತಿದ್ದರೂ ಒಂದು ಬಾಟಲಿಗಾಗಿ ಜನ ರಾತ್ರಿಯಿಡೀ ಅಲೆದರು. ಪವಾಡದ ಮದ್ದೇನೂ ಅಲ್ಲ, ಸಾವನ್ನು ಅದು ಅಷ್ಟಾಗಿ ತಡೆಯುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ಹಿಂದಿನ ವರ್ಷವೇ ಹೇಳಿತ್ತು. ಆದರೂ ಅಲ್ಪಸ್ವಲ್ಪ ಉಪಯೋಗವಿದ್ದರೆ ಅದು ಹೆಚ್ಚು ಬೇಕಿದ್ದದ್ದು ಡಯಾಲಿಸಿಸ್ ರೋಗಿಗಳಿಗೆ. ಕೋವಿಡ್‌ನಿಂದ ಅವರು ಸಾಯುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚಿತ್ತು. ವಾಹಕದ ಭಯ ಕೆಲವೇ ದಿನಗಳ ಚಿಕಿತ್ಸೆಯನ್ನು ತಡೆಹಿಡಿಯುವಷ್ಟು ದೊಡ್ಡದಲ್ಲ ಎಂದು ಅನೇಕ ವೈದ್ಯರು ಆಗಲೇ ವಾದಿಸಿ, ತಮ್ಮ ಹೊಣೆಯ ಮೇಲೆ ಕೊಟ್ಟೂ ಇದ್ದರು. ಕಿಡ್ನಿ ಎಷ್ಟೇ ಸೋತಿದ್ದರೂ, ಡಯಾಲಿಸಿಸ್‌ನಲ್ಲಿದ್ದರೂ, ಪ್ರಮಾಣ ಕಡಿತವಿಲ್ಲದೆ ರೆಮ್ಡೆಸಿವಿರ್ ಕೊಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಚೀಟಿ ತಿದ್ದಿದ್ದು 2023ರ ಜುಲೈನಲ್ಲಿ.